ರಸಾಯನದಲ್ಲಿ ಏನೇನಿದೆ, ಹೇಳಿ ಬಡಿಸಿ

ಮಾನ್ಯ ಸಂಪಾದಕರೇ,

ಬೇಸಿಗೆಯ ಹಣ್ಣುಗಳ ಕುರಿತ ನಿಮ್ಮ ಪುರವಣಿ ಲೇಖನ ಓದುತ್ತಿದ್ದೆ. ಬಾಳೆಹಣ್ಣು ಯಾರಿಗೂ ಕೆಡುಕು ಮಾಡದು ಎಂಬಲ್ಲಿಗೆ ಬಂದಾಗ ಪತ್ರಿಕೆ ಮಡಚಿಟ್ಟೆ. ನನಗೆ ಮಾಡುತ್ತದೆ.

ಉಡುಪಿ ಕಡೆಯವಳು ನಾನು; ತವರಿನ ಹಿತ್ತಿಲಲ್ಲಿ ಬಾಳೆಗೊನೆ ತಪ್ಪಿದ್ದೇ ಇಲ್ಲ. ಮುಂಬಯಿಯ ಆಸ್ಪತ್ರೆಯೊಂದರಲ್ಲಿ 30 ವರ್ಷ ನರ್ಸ್ ಆಗಿದ್ದೆ. ಪುಡಿ ಹಚ್ಚಿದ ರಬ್ಬರ್ ಕೈಗವಸನ್ನು ದಿನಕ್ಕೆ ಎಷ್ಟು ಸಲ ತೊಟ್ಟು ಕಳಚಿದೆನೋ ಲೆಕ್ಕವಿಲ್ಲ. ಮೊದಲು ಕೈ ತುರಿಸಿತು, ಸಾಬೂನನ್ನು ಬೈದುಕೊಂಡೆ. ಆಮೇಲೆ ಆಪರೇಷನ್ ಥಿಯೇಟರಿಗೆ ಕಾಲಿಟ್ಟರೆ ಸೀನು. ಬಾಳೆಹಣ್ಣು ತಿಂದಾಗ ತುಟಿ ಜುಮ್ಮೆನ್ನತೊಡಗಿದ ಮೇಲಷ್ಟೇ ಅಲರ್ಜಿ ವೈದ್ಯರ ಬಳಿ ಹೋದೆ. ರಬ್ಬರ್ ಮರದ ಹಾಲಿನಲ್ಲಿರುವ ಕೆಲವು ಪ್ರೋಟೀನುಗಳು ಬಾಳೆ, ಕಿವಿ, ಬೆಣ್ಣೆಹಣ್ಣುಗಳಲ್ಲಿರುವ ಪ್ರೋಟೀನುಗಳನ್ನು ಹೋಲುತ್ತವೆ. ಒಂದನ್ನು ಕಂಡರಾಗದ ದೇಹಕ್ಕೆ ಇನ್ನೊಂದೂ ಅದೇ ಎನಿಸಬಹುದು ಎಂದರು. ಕೈಗವಸಿನ ಪುಡಿ ಆ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ತೇಲುತ್ತಿತ್ತು. ಬಾಳೆಹಣ್ಣು ಒಗ್ಗದವರೆಲ್ಲರಿಗೂ ಕಾರಣ ಇದೇ ಅಲ್ಲ. ನನ್ನದು ಇದು. ಹಲ್ಲಿನ ವೈದ್ಯರಲ್ಲಿ ಬಾಯಿ ತೆರೆಯುವ ಮೊದಲು ಈಗ ಕೈಗವಸಿನ ವಿಚಾರಣೆ ಮಾಡುತ್ತೇನೆ.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಇಲ್ಲಿಯ ನಮ್ಮವರದೇ ಸಂಘವೊಂದರ ಊಟ. ‘ಮಾವಿನ ರಸಾಯನವೇ?’ ಎಂದು ಬಡಿಸುವ ಹುಡುಗನನ್ನು ಕೇಳಿದೆ. ‘ಹೌದಮ್ಮ, ಆಪೂಸ್’ ಎಂದ. ಸುಳ್ಳೇನಲ್ಲ. ಆದರೆ ಆಪೂಸಿನ ದರಕ್ಕೆ ಹೆದರಿದ ಅಡುಗೆಯವರು ಬಾಳೆಹಣ್ಣು ಕಿವುಚಿ ಸೇರಿಸಿ ಪಾತ್ರೆ ತುಂಬಿಸಿದ್ದರು. ಏಲಕ್ಕಿಯ ಘಮದಲ್ಲಿ ನನಗೂ ತಿಳಿಯಲಿಲ್ಲ. ಹತ್ತು ನಿಮಿಷದೊಳಗೆ ತುಟಿ ಊದಿ, ದನಿ ಗೊಗ್ಗರಾಗಿ, ಗಂಟಲು ಬಿಗಿಯಿತು. ಒಬ್ಬರು ಮಜ್ಜಿಗೆ ತಂದರು, ಇನ್ನೊಬ್ಬರು ಅಲರ್ಜಿಯ ಮಾತ್ರೆ. ಮಾತ್ರೆ ತುರಿಕೆ ತಗ್ಗಿಸೀತು; ಕಟ್ಟುತ್ತಿರುವ ಉಸಿರಿಗೆ ಬೇಕಾದದ್ದು ತೊಡೆಯ ಹೊರಬದಿಗೆ ಚುಚ್ಚುವ ಅಡ್ರಿನಾಲಿನ್. ಕೈಸನ್ನೆ ಮಾಡಿ ರಿಕ್ಷಾ ಹತ್ತಿಸಿಕೊಂಡೆ. ಚುಚ್ಚುಮದ್ದಿನಿಂದ ಹಗುರಾದ ಮೇಲೂ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಕೆಲವು ತಾಸುಗಳ ನಂತರ ಮರುಕಳಿಸುವುದುಂಟು.

‘ಮಾವಿನಹಣ್ಣು ನನಗೂ ತುರಿಸುತ್ತದೆ, ಹಾಗೆಂದು ಬಿಡುತ್ತೇನೆಯೇ’ ಎನ್ನುವವರು ನಮ್ಮ ಕಟ್ಟಡದಲ್ಲೇ ಇದ್ದಾರೆ. ಸೊನೆ ತಾಗಿ ಬಾಯಿಯ ಸುತ್ತ ಗುಳ್ಳೆ ಏಳುವುದು ಬೇರೆ. ತೊಳೆದು, ಸಿಪ್ಪೆ ತೆಗೆದು ತಿಂದರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ನನ್ನ ಬಾಳೆಹಣ್ಣಿಗೆ ತೊಳೆಯುವ ಉಪಾಯವಿಲ್ಲ.

ಇನ್ನು ಬಾಳೆಹಣ್ಣು ಬೆರೆಸಿದ ಪೂಜೆಯ ಪಂಚಾಮೃತ. ‘ದೇವರ ಪ್ರಸಾದ, ಒಂದು ಚಮಚಕ್ಕೆ ಏನಾದೀತು?’ ಎನ್ನುತ್ತಾರೆ. ಕಣ್ಣಿಗೊತ್ತಿಕೊಂಡು ಯಜಮಾನರಿಗೆ ದಾಟಿಸುತ್ತೇನೆ. ಭಕ್ತಿ ಕಡಿಮೆಯೆಂದು ಆಡಿಕೊಂಡವರೂ ಇದ್ದಾರೆ, ಇರಲಿ.

ಪೊಟ್ಟಣದ ತಿಂಡಿಯಲ್ಲಿ ಹಾಲು, ಮೊಟ್ಟೆ, ಶೇಂಗಾ, ಗೋಡಂಬಿಯಂಥವು ಇದ್ದರೆ ಅಲರ್ಜಿಯ ಎಚ್ಚರಿಕೆಯಾಗಿ ನಮೂದಿಸಬೇಕೆಂಬ ನಿಯಮವಿದೆ. ಹಣ್ಣುಗಳು ಆ ಪಟ್ಟಿಯಲ್ಲಿಲ್ಲ. ಪಂಕ್ತಿಯ ಊಟಕ್ಕಂತೂ ಚೀಟಿಯೇ ಇರುವುದಿಲ್ಲ. ಇರುವುದು ಬಡಿಸುವವನ ಬಾಯಿಮಾತು. ಹಾಗಾಗಿ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ರಸಾಯನಕ್ಕೆ ಏನೇನು ಬೆರೆಸಿದೆ ಎಂದು ಬಡಿಸುವ ಹುಡುಗರಿಗೆ ಮೊದಲೇ ತಿಳಿಸಿ ಕಳಿಸಿ. ‘ಗೊತ್ತಿಲ್ಲ, ಒಳಗೆ ಕೇಳಿ ಬರುತ್ತೇನೆ’ ಎಂದರೂ ಆದೀತು. ಎಲೆಯ ಮುಂದೆ ಕಾಯುತ್ತೇನೆ.

— ನಿವೃತ್ತ ನರ್ಸ್, ಡೊಂಬಿವಲಿ ಪೂರ್ವ