ವಿಮಾನದ ಸಮಯ: ಮನೆ ಬಾಗಿಲಿನಿಂದ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ಹಿರಿಯರು ನಮ್ಮ ಜಿಲ್ಲೆಯ ಊರೂರಲ್ಲೂ ಇದ್ದಾರೆ. ಮೊಬೈಲಿನಲ್ಲಿ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ನೋಡಿ, ಅದರಿಂದಲೇ ಪ್ರಯಾಣದ ಸಮಯ ಲೆಕ್ಕ ಹಾಕುವವರು ಬಹಳ. ಆ ಲೆಕ್ಕ ನೆಚ್ಚಿಕೊಂಡರೆ ವಿಮಾನ ತಪ್ಪುತ್ತದೆ.

ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,450 ಕಿ.ಮೀ. ತಾಸಿಗೆ 900 ಕಿ.ಮೀ. ಎಂದು ಹಿಡಿದರೆ 2 ತಾಸು 45 ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಮೂರೂವರೆ ತಾಸಿನ ಮೇಲೆಯೇ ಇರುತ್ತದೆ. ರನ್‌ವೇವರೆಗಿನ ಓಟ, ಮೇಲೇರುವಾಗ ಮತ್ತು ಇಳಿಯುವಾಗಿನ ಕಡಿಮೆ ವೇಗ, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರಲ್ಲಿ ಸೇರಿವೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಬಲವಾಗಿ ಬೀಸುವುದರಿಂದ ಹೋಗುವಾಗ ತಡ, ಬರುವಾಗ ಬೇಗ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ರಾತ್ರಿ 10ಕ್ಕೆ ಹೊರಟು 12.10ಕ್ಕೆ ತಲುಪುತ್ತದೆ ಎಂದಿದ್ದರೆ ಅದು 2 ತಾಸು 10 ನಿಮಿಷವಲ್ಲ, 3 ತಾಸು 40 ನಿಮಿಷ. ಇದಕ್ಕಿಂತ ದುಬಾರಿ ತಪ್ಪು ತಾರೀಖಿನದು: 15ನೇ ತಾರೀಖು 00.40 ಎಂದಿದ್ದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರ ರಾತ್ರಿ ಹೋದವರಿಗೆ ವಿಮಾನವೂ ಇಲ್ಲ, ದುಡ್ಡೂ ಇಲ್ಲ.

ಇನ್ನು ನೆಲದ ದಾರಿ. ಗೋವಾಕ್ಕೆ ಈಗ ಎರಡು ನಿಲ್ದಾಣ. ಟಿಕೆಟ್‌ನಲ್ಲಿ ‘ಜಿಓಐ’ ಎಂದಿದ್ದರೆ ದಾಬೋಳಿ, ‘ಜಿಓಎಕ್ಸ್’ ಎಂದಿದ್ದರೆ 2023ರ ಜನವರಿಯಲ್ಲಿ ಶುರುವಾದ ಮೋಪಾ. ಮೋಪಾ ಇರುವುದು ಗೋವಾದ ಉತ್ತರ ತುದಿಯ ಪೆಡ್ನೆಯಲ್ಲಿ. ಕಾರವಾರದಿಂದ ಹೋಗುವವರು ಇಡೀ ಗೋವಾ ದಾಟಬೇಕು. ದಾಬೋಳಿಗೆ ಹೋಗಿ ನಿಂತ ಮೇಲೆ ಗೊತ್ತಾದರೆ ಮೋಪಾ ಮುಟ್ಟುವಷ್ಟರಲ್ಲಿ ಚೆಕ್-ಇನ್ ಕೌಂಟರ್ ಮುಚ್ಚಿರುತ್ತದೆ. ವಿದೇಶಕ್ಕಾದರೆ ಮೂರು ತಾಸು ಮೊದಲು ನಿಲ್ದಾಣದಲ್ಲಿರಬೇಕು. ಸಾಮಾನ್ಯವಾಗಿ ಹೊರಡುವ ಒಂದು ತಾಸು ಮೊದಲು ಕೌಂಟರ್ ಮುಚ್ಚುತ್ತಾರೆ. ಕಾಣಕೋಣ ದಾಟಿದ ಮೇಲಿನ ಕರಮಲ್ ಘಾಟಿನಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಸಾಲು ಕರಗುವುದಿಲ್ಲ. ಮಳೆಗಾಲದಲ್ಲಂತೂ ಹೆದ್ದಾರಿ 66ನ್ನು ನಂಬಿ ಕೂರುವಂತಿಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿಯಿತು, ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ತಾಸು ಹೆಚ್ಚೇ ಇಟ್ಟುಕೊಳ್ಳಿ.

ದೂರದ ಪ್ರಯಾಣಕ್ಕೆ ಇನ್ನೊಂದು ಮಾತು. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ.; ಎಲ್ಲೂ ಇಳಿಯದೆ ಹಾರಿದರೂ ಹದಿನಾರು-ಹದಿನೇಳು ತಾಸು. ಶಿರಸಿಯವರು ಅದಕ್ಕೆ ಬೆಂಗಳೂರಿನವರೆಗಿನ ರಾತ್ರಿ ಬಸ್ಸನ್ನೂ ಸೇರಿಸಿಕೊಳ್ಳಬೇಕು. ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಇರಲಿ. ಬೇರೆ ಬೇರೆ ಟಿಕೆಟ್ ಅಗ್ಗ ಎಂದು ತೆಗೆದುಕೊಂಡು ಮೊದಲ ವಿಮಾನ ತಡವಾದರೆ, ಎರಡನೆಯದರ ಹಣ ಹೋದಂತೆಯೇ.

ಟಿಕೆಟ್ ಮಾಡಿಕೊಡುವ ಏಜೆಂಟರು ದಯವಿಟ್ಟು ಯಾವ ನಿಲ್ದಾಣ, ಯಾವ ರಾತ್ರಿ, ಮನೆಯಿಂದ ಎಷ್ಟು ಗಂಟೆಗೆ ಹೊರಡಬೇಕು ಎಂಬ ಮೂರನ್ನೂ ಟಿಕೆಟ್‌ನ ಮೇಲೆಯೇ ಕನ್ನಡದಲ್ಲಿ ಬರೆದುಕೊಡಬೇಕು.

– ಟಿಕೆಟ್ ಬುಕಿಂಗ್ ವೃತ್ತಿಯವರು, ಕಾರವಾರ