ಖಾನಾವಳಿಗೆ ಹಾರ ಹಾಕುವಾಗ ರೊಟ್ಟಿ ಬಡಿದವರ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಖಾನಾವಳಿಗಳ ಬಗ್ಗೆ ಬರುವ ಲೇಖನಗಳಿಗೆ ಒಂದು ಅಚ್ಚು ಸಿದ್ಧವಾಗಿದೆ. ಗಲ್ಲಾ ಮೇಲೆ ಕೂತ ಮಾಲೀಕರ ಫೋಟೊ, ಸ್ಟೀಲ್ ತಾಟಿನಲ್ಲಿ ಎಣ್ಣೆಗಾಯಿ, ಮೇಲೊಂದು 'ಅಜ್ಜನ ಕಾಲದ ರುಚಿ' ಎಂಬ ತಲೆಬರಹ. ಮಾಲೀಕರು ಹೊಗಳಿಕೆಗೆ ಅರ್ಹರೇ, ಅದರಲ್ಲಿ ತಕರಾರಿಲ್ಲ. ವಿಜಯಪುರದಂಥ ಊರಿನಲ್ಲಿ ಹೊಸ ಹೋಟೆಲುಗಳು ಬಣ್ಣದ ಬೋರ್ಡು ಹಾಕಿಕೊಂಡು ತೆರೆದು ಎರಡೇ ವರ್ಷಕ್ಕೆ ಬಾಗಿಲು ಎಳೆಯುತ್ತಿರುವಾಗ, ಎಂಟು ಮೇಜಿನ ಖಾನಾವಳಿಗಳು ಮೂರು ತಲೆಮಾರು ನಡೆದಿವೆ. ಆದರೆ ಅವು ಯಾಕೆ ನಡೆದಿವೆ ಎಂಬ ಪ್ರಶ್ನೆಗೆ 'ರುಚಿ' ಅರ್ಧ ಉತ್ತರ ಮಾತ್ರ. ಇನ್ನರ್ಧ ಅಡುಗೆಮನೆಯ ಲೆಕ್ಕದಲ್ಲಿದೆ, ಅದರಲ್ಲೂ ಬಹುಪಾಲು ಖಾನಾವಳಿಯ ಗೋಡೆಯ ಆಚೆ, ಓಣಿಯೊಳಗೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೈಯಲ್ಲಿದೆ.

ಮೊದಲು ಖಾನಾವಳಿಯೊಳಗಿನ ಲೆಕ್ಕ. ಊಟದ ಪಟ್ಟಿ ಬಹಳ ಸಣ್ಣದು: ರೊಟ್ಟಿ ಅಥವಾ ಚಪಾತಿ, ಒಂದು ಕಾಳು ಪಲ್ಯ, ಒಂದು ಕಾಯಿ ಪಲ್ಯ ಇಲ್ಲವೇ ಎಣ್ಣೆಗಾಯಿ, ಶೇಂಗಾ ಅಥವಾ ಗುರೆಳ್ಳಿನ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಕೊನೆಗೆ ಅನ್ನ, ಸಾರು. ಇದರಲ್ಲಿ ರಾತ್ರಿ ಉಳಿದು ಹಾಳಾಗುವಂಥದ್ದು ಎರಡೋ ಮೂರೋ. ಚಟ್ನಿ ಪುಡಿ ವಾರಗಟ್ಟಲೆ ಇರುತ್ತದೆ, ಮಡಕಿಕಾಳು, ಹೆಸರುಕಾಳು ಬೇಕಾದಷ್ಟೇ ಹಿಂದಿನ ದಿನ ನೆನೆಯುತ್ತವೆ, ಮೊಸರು ದಿನದ್ದು ದಿನಕ್ಕೆ ಹೆಪ್ಪುಗಟ್ಟುತ್ತದೆ. ಫ್ರಿಜ್‌ಗೆ ಕೆಲಸವೇ ಕಡಿಮೆ. ಗಿರಾಕಿ ಕೂತ ಎರಡು ನಿಮಿಷಕ್ಕೆ ತಾಟು ಬರುತ್ತದೆ, ಇಪ್ಪತ್ತು ನಿಮಿಷಕ್ಕೆ ಮೇಜು ಖಾಲಿ. ಎಂಟು ಮೇಜು ಮಧ್ಯಾಹ್ನದ ಮೂರು ತಾಸಿನಲ್ಲಿ ಐದಾರು ಸಲ ತಿರುಗಿದರೆ ಬಾಡಿಗೆ, ಕೂಲಿ ಹೊರಡುತ್ತದೆ. ಇದೇ ಖಾನಾವಳಿ 'ಮಕ್ಕಳು ಕೇಳ್ತಾರ' ಅಂತ ಗೋಬಿ ಮಂಚೂರಿ, ನೂಡಲ್ಸ್, ಪನೀರ್ ಮಸಾಲಾ ಸೇರಿಸಿದ ದಿನದಿಂದ ಲೆಕ್ಕ ತಪ್ಪತೊಡಗುತ್ತದೆ. ಇನ್ನೊಬ್ಬ ಅಡುಗೆಯವ, ಇನ್ನೊಂದು ಬರ್ನರ್, ಕೆಡುವ ಸಾಮಾನು ಬರುತ್ತವೆ, ಅವುಗಳ ಜೊತೆಗೆ ಹದಿನೈದು ನಿಮಿಷ ಕಾಯುವ ಗಿರಾಕಿ. ಆ ಮೇಜು ಎರಡೇ ಸಲ ತಿರುಗುತ್ತದೆ. ಮುಚ್ಚಿದ ಖಾನಾವಳಿಗಳಲ್ಲಿ ಹೆಚ್ಚಿನವು ರೊಟ್ಟಿ ಕೆಟ್ಟು ಮುಚ್ಚಿದವಲ್ಲ, ಪಟ್ಟಿ ಬೆಳೆದು ಮುಚ್ಚಿದವು ಎಂದೇ ನಮ್ಮ ಅಂದಾಜು.

ಎರಡು ನಿಮಿಷಕ್ಕೆ ತಾಟು ಬರಲು ಕಾರಣ ಖಡಕ್ ರೊಟ್ಟಿಯ ದಾಸ್ತಾನು. ಬಿಸಿ ರೊಟ್ಟಿ ಒಳಗೆ ಒಬ್ಬರು ಬಡಿಯುತ್ತಲೇ ಇರುತ್ತಾರೆ, ಆದರೆ ಒಂದು ಗಂಟೆಯಿಂದ ಎರಡರವರೆಗಿನ ನೂಕುನುಗ್ಗಲಿಗೆ ಒಂದು ಹಂಚು ಸಾಲುವುದಿಲ್ಲ. ಆಗ ಹೊರಗಿನಿಂದ ಬಂದ ರೊಟ್ಟಿಯ ಕಟ್ಟು ಬಿಚ್ಚುತ್ತಾರೆ. ಆ ಕಟ್ಟು ಎಲ್ಲಿಂದ ಬಂತು ಎಂದು ಯಾವ ಲೇಖನವೂ ಕೇಳಿದ್ದನ್ನು ಕಾಣೆವು.

ರೊಟ್ಟಿ ಕೆಡುವುದು ಹಂಚಿನ ಮೇಲಲ್ಲ, ಹೊಲದಲ್ಲೇ ಶುರುವಾಗುತ್ತದೆ. ಹಿಂಗಾರಿ ಜೋಳ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎರೆಮಣ್ಣಿಗೆ ಬಿದ್ದು, ಮಣ್ಣಿನ ತೇವದಲ್ಲೇ ಬೆಳೆದು, ಒಣ ಹವೆಯಲ್ಲಿ ತೆನೆ ಬಲಿಯುತ್ತದೆ. ಹಾಗಾಗಿ ಕಾಳು ಮುತ್ತಿನ ಹಾಗೆ ಬೆಳ್ಳಗೆ. ಮುಂಗಾರಿ ಹೈಬ್ರಿಡ್ ಜೋಳ ತೆನೆಯಲ್ಲಿರುವಾಗ ಮಳೆಗೆ ಸಿಕ್ಕರೆ ಕಾಳು ಕಪ್ಪಿಡುತ್ತದೆ, ಬೂಸರು ಹಿಡಿಯುತ್ತದೆ, ಹಿಟ್ಟಿಗೆ ಜಿಗಿ ಇರುವುದಿಲ್ಲ. ರೊಟ್ಟಿಗೆ ಹೇಳಿಮಾಡಿಸಿದ್ದು ಸೋಲಾಪುರ ಸೀಮೆಯ ಮೊಹೋಳದಿಂದ ಬಂದ ಮಾಲದಂಡಿ, ಅಂದರೆ ಎಂ 35-1 ತಳಿ. ನಮ್ಮ ವಿಜಯಪುರದ ಕೃಷಿ ಸಂಶೋಧನಾ ಕೇಂದ್ರದ ಬಿಜೆವಿ-44 ತಳಿ ಕೂಡ ಚಲೋ ರೊಟ್ಟಿ ಕೊಡುತ್ತದೆ. 2025–26ರ ಬೆಂಬಲ ಬೆಲೆಯಲ್ಲಿ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,699 ರೂ., ಮಾಲದಂಡಿಗೆ 3,749 ರೂ. ಸರ್ಕಾರದ ಕಾಗದದ ಮೇಲೆ ಎರಡಕ್ಕೂ 50 ರೂಪಾಯಿ ಅಂತರ. ಎಪಿಎಂಸಿಯಲ್ಲಿ ಬೆಳ್ಳಗಿನ ರೊಟ್ಟಿ ಜೋಳ ಕೊಳ್ಳಲು ಹೋದವರಿಗೆ ನಿಜವಾದ ಅಂತರ ಗೊತ್ತು. ಆ ಅಂತರ ಉಳಿಸಲು ಹೋಗಿ ಜೋಳ ಬದಲಿಸಿದ ಖಾನಾವಳಿಯ ರೊಟ್ಟಿ ಎರಡನೇ ದಿನವೇ ಮಾತಾಡುತ್ತದೆ.

ಇನ್ನು ಹಿಟ್ಟು. ಜೋಳದಲ್ಲಿ ಗೋದಿಯ ಅಂಟು ಇಲ್ಲ, ಕುದಿವ ನೀರಿಗೆ ಅರೆಬೆಂದ ಪಿಷ್ಟವೇ ಅದನ್ನು ಹಿಡಿದಿಡುವುದು. ಆದ್ದರಿಂದ ಎಸರು ಕೊತಕೊತ ಕುದಿಯಬೇಕು, ಬರೀ ಬೆಚ್ಚಗಾದರೆ ಸಾಲದು. ಒಂದು ಕಿಲೋ ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಸರಾಗಿ ಹೋಗಿ, ಉಳಿದದ್ದು ನಾದುವಾಗ ಕೈಗೆ ಹಚ್ಚಿಕೊಳ್ಳುವ ತಣ್ಣೀರು. ಹಿಟ್ಟು ಬೀಸಿಸಿ ವಾರ ದಾಟಿದರೆ ಜಿಗಿ ಇಳಿಯುತ್ತದೆ, ಇನ್ನೂ ಬಿಟ್ಟರೆ ಕಾಳಿನ ಜಿಡ್ಡು ಕೆಟ್ಟು ಕಹಿ ಬರುತ್ತದೆ. ಗಿರಣಿಯ ಕಲ್ಲು ಬಿಗಿಯಾಗಿದ್ದು ಹಿಟ್ಟು ಸುಡು ಸುಡು ಬಂದಿದ್ದರೆ ಡಬ್ಬಿಗೆ ತುಂಬುವ ಮೊದಲು ಹರವಿ ಆರಿಸಬೇಕು. ನಾದಿದ ಹಿಟ್ಟು ಕಾಯುವುದಿಲ್ಲ: ಆರಿತೆಂದರೆ ಬಡಿಯುವಾಗ ಅಂಚು ಸೀಳುತ್ತದೆ. ಹಾಗಾಗಿ ಬಲ್ಲವರು ನಾಲ್ಕೈದು ರೊಟ್ಟಿಗಾಗುವಷ್ಟನ್ನೇ ಒಂದು ಸಲ ನಾದುತ್ತಾರೆ.

ಹಂಚಿಗೆ ಹಾಕಿದ ಮೇಲೆ ಒಂದು ಕ್ಷಣದ ಕೆಲಸವಿದೆ. ಮೇಲ್ಮೈ ಹಿಟ್ಟು ಇನ್ನೂ ಬಿಳಿಯಾಗಿರುವಾಗಲೇ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ತಡವಾದರೆ ಮೇಲ್ಪದರ ಬಿರಿಯುತ್ತದೆ, ಉಬ್ಬುವುದಿಲ್ಲ. ನೀರು ಆರುತ್ತಿದ್ದ ಹಾಗೆ ತಿರುವಿಹಾಕಬೇಕು, ಪೂರ್ತಿ ಒಣಗಲು ಬಿಡಬಾರದು. ಖಡಕ್ ಮಾಡಲು ರೊಟ್ಟಿ ಇನ್ನೂ ತೆಳ್ಳಗೆ, ಎಲ್ಲೆಡೆ ಒಂದೇ ದಪ್ಪ ಇರಬೇಕು. ನಡು ದಪ್ಪ ಉಳಿದರೆ ಅಂಚು ಒಣಗಿ ನಡುವೆ ತೇವ ನಿಂತು ನಾಲ್ಕೇ ದಿನಕ್ಕೆ ಬೂಸರು. ಬೆಂದ ರೊಟ್ಟಿಯನ್ನು ಒಲೆಯ ಸುತ್ತ ಒರಗಿಸಿ ಸಣ್ಣ ಕಾವಿಗೆ ಒಣಗಿಸುವುದು ಹಳೇ ಪದ್ಧತಿ. ತೊಗರಿ ಕಟ್ಟಿಗಿ, ಹತ್ತಿ ಕಟ್ಟಿಗಿಯ ಉರಿ ಬೇಗ ಏರಿ ಬೇಗ ಇಳಿಯುವುದರಿಂದ ಕೆಳಗೆ ಉಳಿಯುವ ಕೆಂಡ ಈ ಒಣಗಿಸುವಿಕೆಗೆ ಸರಿಹೊಂದುತ್ತದೆ. ಬಿಸಿ ಆರದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಮಾಡಿದ್ದೆಲ್ಲ ವ್ಯರ್ಥ. ಮಳೆಗಾಲದಲ್ಲಿ ಬಟ್ಟೆಗೆ ಸುತ್ತಿಟ್ಟ ರೊಟ್ಟಿಯೂ ಮೆತ್ತಗಾಗುತ್ತದೆ. ಖಾನಾವಳಿಯವರು ಕೊಡುವ ಮೊದಲು ಹಂಚಿನ ಮೇಲೆ ಅರ್ಧ ನಿಮಿಷ ಇಟ್ಟರೆ ಮತ್ತೆ ಗರಿಯಾಗುತ್ತದೆ, ಅಷ್ಟು ಮಾಡದ ಸೋಮಾರಿತನಕ್ಕೆ ಬೈಗುಳ ಮಾತ್ರ ರೊಟ್ಟಿಯವಳಿಗೆ.

ಈಗ ದುಡ್ಡಿನ ಮಾತು. 2025–26ರ ಆ ಬೆಂಬಲ ಬೆಲೆಯನ್ನೇ ಹಿಡಿದರೂ ಮಾಲದಂಡಿ ಜೋಳ ಕಿಲೋಗೆ ಮೂವತ್ತೇಳೂವರೆ ರೂಪಾಯಿ. ಹಸನು ಮಾಡಿದ ಕಸ, ಗಿರಣಿ ಕೂಲಿ ಸೇರಿ ಹಿಟ್ಟು 42 ರೂ. ಎನ್ನಿ. ಕಿಲೋಗೆ 14 ರೊಟ್ಟಿ ಬಂದರೆ ಒಂದಕ್ಕೆ ಮೂರು ರೂಪಾಯಿಯ ಹಿಟ್ಟು. ಖಾನಾವಳಿಗೆ 7 ರೂಪಾಯಿಯಂತೆ ದಿನಕ್ಕೆ 200 ಕೊಟ್ಟರೆ ಉಳಿಯುವುದು 800 ರೂ. ಒಬ್ಬರು ಬಡಿದು ಒಬ್ಬರು ಬೇಯಿಸಿದರೆ ತಾಸಿಗೆ 50 ರೊಟ್ಟಿ ಆದೀತು, ಅಂದರೆ ಬರೀ ಬಡಿಯಲು ನಾಲ್ಕು ತಾಸು. ಜರಡಿ ಹಿಡಿಯುವುದು, ಒಣಗಿಸುವುದು, ಕಟ್ಟುವುದು, ಮುಟ್ಟಿಸುವುದು ಬೇರೆ. ಉರುವಲಿಗೆ 200 ರೂ. ಹೋದರೆ ಇಬ್ಬರಿಗೂ ತಲಾ 300 ರೂಪಾಯಿ. ಇದೂ ಆ ದಿನವೇ ಕೈಗೆ ಬಂದರೆ. ಹದಿನೈದು ದಿನ ಉದ್ರಿ ನಿಂತಿತೆಂದರೆ 21,000 ರೂ. ಸಿಕ್ಕಿಕೊಳ್ಳುತ್ತದೆ. ಅದರಲ್ಲಿ 12,000 ರೂ. ಜೋಳ, ಗಿರಣಿ, ಉರುವಲಿಗಾಗಿ ಆಕೆ ತನ್ನ ಗಂಟಿನಿಂದ ಹಾಕಿದ್ದು. ಗಿರಾಕಿ ಮಾತ್ರ ಗಲ್ಲಾದಲ್ಲಿ ಆಗಲೇ ಸ್ಕ್ಯಾನ್ ಮಾಡಿ ಎದ್ದುಹೋಗಿರುತ್ತಾನೆ! ನಗದು ವ್ಯಾಪಾರದ ಖಾನಾವಳಿಗೆ ಹೀಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿರುವುದು ಓಣಿಯ ಒಲೆ.

ಇದಕ್ಕೆ ದಾರಿ ಕಾನೂನಿನಲ್ಲೇ ಇದೆ, ಬಳಸುವವರು ಕಡಿಮೆ. ರೊಟ್ಟಿ ಘಟಕ ಸಣ್ಣ ಉದ್ದಿಮೆಗಳಿಗಿರುವ 'ಉದ್ಯಮ್' ನೋಂದಣಿ ಮಾಡಿಸಿಕೊಂಡರೆ (ಇದಕ್ಕೆ ಶುಲ್ಕವಿಲ್ಲ, ಮಧ್ಯವರ್ತಿ ದುಡ್ಡು ಕೇಳಿದರೆ ಕೊಡಬೇಡಿ) 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯ ರಕ್ಷಣೆ ಸಿಗುತ್ತದೆ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಒಪ್ಪಂದವಿದ್ದರೂ 45 ದಿನ ಮೀರದಂತೆ ಖಾನಾವಳಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಯಾರೂ ಖಾನಾವಳಿಯ ಮೇಲೆ ದಾವೆ ಹೂಡಲಿ ಎಂದು ಹೇಳುತ್ತಿಲ್ಲ, ಊರಿನಲ್ಲಿ ಅದು ನಡೆಯುವ ಮಾತೂ ಅಲ್ಲ. ಆದರೆ ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಕೊಟ್ಟ ರೊಟ್ಟಿ, ವಾಪಸು ಬಂದ ಮುರುಕು, ಬಂದ ಹಣ ಬರೆದು, ಮುಟ್ಟಿಸಿದಾಗ ಖಾನಾವಳಿಯವರ ಸಹಿ ಹಾಕಿಸಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮುರಿದ ರೊಟ್ಟಿ ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು, ಜಗಳ ಹುಟ್ಟುವುದು ಅಲ್ಲೇ.

ತೆರಿಗೆಯ ಭಯವೂ ಇದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಕ್ಯೂಆರ್ ಕೋಡ್ ಕಿತ್ತಿಟ್ಟವರು ಬಹಳ. ಊಟದ ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು, ಅಂದರೆ ದಿನಕ್ಕೆ ಸುಮಾರು 5,500 ರೂ. ನೂರು ರೂಪಾಯಿಯ 55 ಊಟ ಮಾರಿದರೆ ಮಿತಿ ಮುಟ್ಟಿತು. ನಡೆಯುತ್ತಿರುವ ಯಾವ ಖಾನಾವಳಿಯೂ ಇದರೊಳಗೆ ಅಡಗಿ ಕೂರಲಾರದು. ಒಂದೂವರೆ ಕೋಟಿ ರೂ. ತನಕ ಕಾಂಪೊಸಿಷನ್ ಯೋಜನೆಯಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಲ್ಲಿ, ವಹಿವಾಟಿನ 5% ಕಟ್ಟಿ ನೆಮ್ಮದಿಯಾಗಿರಬಹುದು, ಆದರೆ ಅದನ್ನು ಬಿಲ್ಲಿನಲ್ಲಿ ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ರೊಟ್ಟಿಯವರ ಕಥೆ ಬೇರೆ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಯ ಮೇಲಿನ ಜಿಎಸ್‌ಟಿ ಸೊನ್ನೆಯಾಗಿದೆ. ಬರೀ ರೊಟ್ಟಿ ಮಾರುವವರು ಈ ಭಯ ಬಿಡಬಹುದು. ಜೊತೆಗೆ ಚಟ್ನಿ ಪುಡಿ ಮಾರಿದರೆ ಅದು ತೆರಿಗೆ ವ್ಯಾಪ್ತಿಯ ಸರಕು, ಆಗ ಒಟ್ಟು ವಹಿವಾಟಿನ ಮೇಲೆ ಕಣ್ಣಿರಲಿ. ಪ್ಯಾಕೆಟ್ ಮಾಡಿ ಅಂಗಡಿಗೆ ಕೊಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ, ತಯಾರಿಸಿದ ದಿನ, ಬಳಸಬೇಕಾದ ಗಡುವು, ತೂಕ, ವಿಳಾಸ ಚೀಟಿಯ ಮೇಲೆ ಇರಲೇಬೇಕು. ಮನೆಯ 14.2 ಕಿಲೋ ಸಿಲಿಂಡರ್ ಈ ಕೆಲಸಕ್ಕೆ ಹಚ್ಚುವುದು ನಿಯಮಬಾಹಿರ, 19 ಕಿಲೋದ ವಾಣಿಜ್ಯ ಸಿಲಿಂಡರ್‌ನ ಖರ್ಚು ಹಿಡಿದೇ ರೊಟ್ಟಿಯ ದರ ಹೇಳಬೇಕು.

ಯಂತ್ರದ ಬಗ್ಗೆ ಒಂದು ಮಾತು. ಒತ್ತುವ ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಸಾಲ ಮೇಳಗಳಲ್ಲಿ ಹೇಳುತ್ತಾರೆ. ಅದು ಒತ್ತಿದ ರೊಟ್ಟಿಯ ಅಂಚು ಬಡಿದದ್ದರಷ್ಟು ತೆಳ್ಳಗೆ ಬರುವುದು ಕಷ್ಟ. ಸೀಳದಿರಲೆಂದು ಗೋದಿ ಹಿಟ್ಟು ಬೆರೆಸಿದರೆ ಅದು ಜೋಳದ ರೊಟ್ಟಿಯಾಗಿ ಉಳಿಯುವುದಿಲ್ಲ. ನಮ್ಮನ್ನು ಕೇಳಿದರೆ ಮೊದಲ ಸಾಲ ಹೊಗೆ ಮೇಲೆಳೆಯುವ ಚಿಮಣಿಗೆ, ನಿಂತು ಬಡಿಯುವ ಎತ್ತರದ ಕಟ್ಟೆಗೆ, ಒಣಗಿಸುವ ಜಾಲರಿ ಕಪಾಟಿಗೆ ಹೋಗಬೇಕು; ಯಂತ್ರ ಆಮೇಲೆ. ಕಿರು ಆಹಾರ ಸಂಸ್ಕರಣೆಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ 2025–26ರಲ್ಲಿ ಸ್ವಸಹಾಯ ಗುಂಪಿನ ಸದಸ್ಯೆಗೆ ದುಡಿಮೆ ಬಂಡವಾಳ, ಸಣ್ಣ ಸಲಕರಣೆಗಾಗಿ 40,000 ರೂ. ತನಕ ಆರಂಭಿಕ ಬಂಡವಾಳಕ್ಕೆ ಅವಕಾಶವಿತ್ತು. ಜಾಲರಿ ಕಪಾಟಿನಂಥ ಸಣ್ಣ ಖರ್ಚಿಗೆ ಅಂಥ ನೆರವೇ ಸಾಕು.

ಆ್ಯಪ್‌ನಲ್ಲಿ ಊಟ ಕಳಿಸುವ ಖಾನಾವಳಿಗಳಿಗೂ ಒಂದು ಸೂಚನೆ. ಬಿಸಿ ರೊಟ್ಟಿಯನ್ನು ಫಾಯಿಲ್‌ನಲ್ಲಿ ಸುತ್ತಿ ಡಬ್ಬಿ ಮುಚ್ಚಿದರೆ ತನ್ನ ಉಗಿಗೆ ತಾನೇ ಬೆವೆತು ಚರ್ಮದಂತಾಗುತ್ತದೆ. ಎರಡು ನಿಮಿಷ ಆರಿಸಿ ಕಾಗದದಲ್ಲಿ ಸುತ್ತಿ, ಇಲ್ಲವೇ ಖಡಕ್ ರೊಟ್ಟಿಯನ್ನೇ ಕಳಿಸಿ. ಕಮಿಷನ್ ಕಳೆದು ಉಳಿಯುವ ಪುಡಿಗಾಸಿನಲ್ಲಿ ಕೆಟ್ಟ ಹೆಸರನ್ನೂ ಕೊಳ್ಳಬೇಕಾಗಿಲ್ಲ.

ಪತ್ರಿಕೆಗೆ ನಮ್ಮ ಕೋರಿಕೆ ಇಷ್ಟೇ. ಮುಂದಿನ ಸಲ ಯಾವುದೇ ಖಾನಾವಳಿಯ ಬಗ್ಗೆ ಬರೆಯುವಾಗ ಅವರು ಯಾವ ಜೋಳ ಕೊಳ್ಳುತ್ತಾರೆ, ರೊಟ್ಟಿ ಎಲ್ಲಿಂದ ಬರುತ್ತದೆ, ಹಣ ಎಷ್ಟು ದಿನಕ್ಕೆ ಕೊಡುತ್ತಾರೆ ಎಂದು ಕೇಳಿ ಅಚ್ಚು ಹಾಕಿ. ಹಣ ಆ ವಾರದ್ದು ಆ ವಾರಕ್ಕೆ ಕೊಡುವವರೂ ಇದ್ದಾರೆ, ಅವರಿಗೆ ಹಾರ ಹಾಕೋಣ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಬೇಡಿಕೆ ಒಮ್ಮೆಲೇ ಏರುತ್ತದೆ. ಖಡಕ್ ಜೋಳದ ರೊಟ್ಟಿಗೆ ಹದಿನೈದು ದಿನ ಮೊದಲೇ ಹೇಳಿ, ಜೋಳದ ಖರ್ಚಿನಷ್ಟಾದರೂ ಮುಂಗಡ ಕೊಡಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಮಾತ್ರ ಈ ಲೆಕ್ಕ ನಡೆಯದು. ಸಜ್ಜಿ ಹಿಟ್ಟು ಜೋಳದ ಹಿಟ್ಟಿಗಿಂತ ಬೇಗ ಕಹಿಯಾಗುತ್ತದೆ. ಕಾಳು ಹಸನು ಮಾಡಿಟ್ಟುಕೊಂಡು, ಬಡಿಯುವ ಹಿಂದಿನ ದಿನವೇ ಗಿರಣಿಗೆ ಒಯ್ಯಬೇಕು.

– ರೊಟ್ಟಿ ವ್ಯಾಪಾರ ಬಲ್ಲ ಓದುಗರು, ವಿಜಯಪುರ