ಸಫಾರಿ ಮತ್ತೆ ರೋಡಿಗಿಳೀತು, ಕೈ ಜೋಡಿಸಿದ ಎಲ್ರಿಗೂ ಥ್ಯಾಂಕ್ಸ್

ಮಡಿಕೇರಿ ಆರ್‌ಟಿಓದಿಂದ ನಮ್ಮ ಹಳೇ ಟಾಟಾ ಸಫಾರಿ ಗಾಡಿಯ ಆರ್‌ಸಿ ರಿನ್ಯೂ ಆಗಿ ಬಂತು, ಇನ್ನು ಐದು ವರ್ಷ ಧೈರ್ಯವಾಗಿ ಓಡಿಸಬಹುದು. ಅದು ಕೈಗೆ ಬಂದ ಮೇಲೆ ಮನೆಯವ್ರೆಲ್ಲಾ ಹೊರಟು ಪುಷ್ಪಗಿರಿ ಬುಡದಲ್ಲಿ ಪರಿಚಯದವ್ರ ತೋಟದಲ್ಲಿ ರಾತ್ರಿ ಗಾಡಿಯಲ್ಲೇ ಮಲಗಿ, ಬಿಸ್ಲೆ ಘಾಟ್ ಇಳಿದು ಸುಬ್ರಹ್ಮಣ್ಯಕ್ಕೆ ಹೋಗಿ, ಸುಳ್ಯ ಸಂಪಾಜೆ ಮೇಲೆ ವಾಪಸ್ ಬಂದ್ವಿ. ಒಂದು ಬೋಲ್ಟ್ ಸಡಿಲ ಆಗ್ಲಿಲ್ಲ, ಒಂದು ಹನಿ ಆಯಿಲ್ ಸೋರಲಿಲ್ಲ. ಅವತ್ತಿಂದ ಸುಮಾರು ಜನ ಫೋನ್ ಮಾಡಿ ಎಷ್ಟು ಖರ್ಚಾಯ್ತು ಟೀಚರೇ, ಯಾರ ಹತ್ರ ಮಾಡಿಸಿದ್ರಿ ಅಂತ ಕೇಳ್ತಿದ್ದಾರೆ. ಖರ್ಚಿನ ಲೆಕ್ಕ ಇನ್ನೊಂದು ದಿನ ಹೇಳ್ತೀನಿ. ಯಾರು ಮಾಡಿದ್ದು ಅನ್ನೋದನ್ನ ಮಾತ್ರ ಇವತ್ತೇ ಬರೀಬೇಕು, ಯಾಕಂದ್ರೆ ಈ ಗಾಡಿಗೆ ಆದ ಕೆಲ್ಸದಲ್ಲಿ ಬಿಲ್ ಬರೆದು ಕೊಟ್ಟಿದ್ದಕ್ಕಿಂತ ಬಿಲ್ ಇಲ್ದೆ ಆಗಿದ್ದೇ ಜಾಸ್ತಿ. ಹೆಸರು ಹಾಕ್ಬೇಡಿ ಅಂತ ಹೆಚ್ಚಿನವ್ರು ಹೇಳಿದ್ರು, ಅದಕ್ಕೆ ಯಾರ ಹೆಸ್ರೂ ಹಾಕಿಲ್ಲ, ಓದಿದ್ರೆ ನಿಮಗೇ ಗೊತ್ತಾಗುತ್ತೆ.

ಮೊದಲು ಈ ಗಾಡಿ ನಮಗೆ ಮಾರಿದ ಸಿದ್ದಾಪುರದ ಸಾರ್. 2010ರ ಮಾಡೆಲ್, 2.2 ಡೈಕಾರ್ ಡೀಸೆಲ್ ಇಂಜಿನ್, ನಾಲ್ಕೂ ಚಕ್ರ ಎಳೆಯೋ ಫೋರ್ ಬೈ ಫೋರ್, ಅವ್ರ ಶೆಡ್ಡಲ್ಲಿ ನಿಂತೇ ಇತ್ತು. ಸ್ಕ್ರಾಪ್‌ನವ್ರು ಬಂದು ರೇಟ್ ಹೇಳಿ ಹೋಗಿದ್ರಂತೆ, ಸಾರ್ ಕೊಡ್ಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ 2018ರ ಆಗಸ್ಟ್ ಕಥೆ ಹೇಳಿದ್ರು. ಮಕ್ಕಂದೂರು ಕಡೆ ಗುಡ್ಡ ಜಾರಿ ರಸ್ತೆನೇ ಇಲ್ಲದ ಹಾಗಾದಾಗ ಇದೇ ಗಾಡಿಯಲ್ಲಿ ವಯಸ್ಸಾದವ್ರನ್ನ, ಮಕ್ಕಳನ್ನ, ಒಂದು ಕರುವನ್ನೂ ಸೇರಿಸಿ ಮಡಿಕೇರಿಗೆ ಸಾಗಿಸಿದ್ರಂತೆ. ಆ ವಾರ ಕೊಡಗಿನಲ್ಲಿ ಜೀಪು ಇದ್ದವ್ರೆಲ್ಲಾ ಹಾಗೇ ಓಡಾಡಿದ್ದು ನಮಗೆಲ್ಲಾ ಗೊತ್ತಿರೋದೇ. "ಓಡಿಸೋರಿಗೆ ಕೊಡ್ತೀನಿ, ಒಡೆಯೋರಿಗೆ ಕೊಡಲ್ಲ" ಅಂದ್ರು. ಸರ್ವಿಸ್ ಬುಕ್, ಎರಡು ಕೀ, ಹಳೇ ಬಿಲ್ಲುಗಳ ಫೈಲ್, ಎಲ್ಲ ಕೊಟ್ರು, ಎಲ್ಲೆಲ್ಲಿ ತೊಂದರೆ ಇದೆ ಅಂತ ಒಂದು ಹಾಳೆಯಲ್ಲಿ ಬರೆದೂ ಕೊಟ್ರು. ಸೆಕೆಂಡ್ ಹ್ಯಾಂಡ್ ಗಾಡಿ ಮಾರೋರು ಹೀಗೆ ಮಾಡೋದನ್ನ ನಾನು ಬೇರೆಲ್ಲೂ ನೋಡಿಲ್ಲ. ಸಾರ್, ಆ ಹಾಳೆ ಇವತ್ತಿಗೂ ಗ್ಲೋವ್ ಬಾಕ್ಸಲ್ಲಿದೆ, ಒಂದೊಂದೇ ಸಾಲು ಹೊಡೆದು ಹಾಕ್ತಾ ಬಂದಿದ್ದೀವಿ.

ಗೋಣಿಕೊಪ್ಪದ ಮೆಕ್ಯಾನಿಕ್ ಕಾಕ. ಇವ್ರ ಬಗ್ಗೆ ಎಷ್ಟು ಬರೆದ್ರೂ ಸಾಲಲ್ಲ. ಗಾಡಿ ತಗೊಂಡು ಹೋದ ದಿನ ಬಾನೆಟ್ ತೆಗೀಲೇ ಇಲ್ಲ, ಒಂದು ಗೋಣಿ ಹಾಸ್ಕೊಂಡು ಸೀದಾ ಅಡಿಗೆ ಹೋದ್ರು. ಚಿಕ್ಕ ಸುತ್ತಿಗೆ ಹಿಡ್ಕೊಂಡು ಚಾಸಿ, ಅಂದ್ರೆ ಗಾಡಿ ತಳದ ಕಬ್ಬಿಣದ ಚೌಕಟ್ಟಿನ ಉದ್ದಕ್ಕೂ ಕುಟ್ತಾ ಕುಟ್ತಾ ಕಿವಿ ಕೊಟ್ಟು ಕೇಳಿದ್ರು. ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ತುಕ್ಕು ತಿಂದಿರೋ ಕಡೆ ಸದ್ದು ಸತ್ತು ಹೋಗಿರುತ್ತೆ, ನನ್ನನ್ನೂ ಪಕ್ಕದಲ್ಲಿ ಮಲಗಿಸಿ ಕೇಳಿಸಿದ್ರು. ಚಾಸಿ ಪೂರ್ತಿ ಗಟ್ಟಿ ಇತ್ತು. ಹೋಗಿದ್ದು ಬಾಡಿಯನ್ನ ಚಾಸಿಗೆ ಕೂರಿಸೋ ಹಿಂದಿನ ಎಡಗಡೆ ಬಾಡಿ ಮೌಂಟ್ ಬ್ರಾಕೆಟ್, ಮತ್ತೆ ಬಾಗಿಲ ಕೆಳಗಿನ ಪಟ್ಟಿ. ತೋಟದ ರಸ್ತೆ ಕೆಸರು ಒಣಗಿದ ಎಲೆ ಜೊತೆ ಸೇರಿ ಆ ಸಂದಿಯಲ್ಲಿ ಕೂತು, ವರ್ಷಾನುಗಟ್ಟಲೆ ಒದ್ದೆಯಾಗೇ ಇತ್ತು. ಬಾಗಿಲ ಕೆಳಗೆ ನೀರು ಇಳಿಯೋಕೆ ಅಂತ ಸಣ್ಣ ತೂತುಗಳಿರುತ್ತೆ, ಅವೂ ಮುಚ್ಚಿ ಹೋಗಿದ್ವು. ಕಾಕ ಒಂದು ಸೈಕಲ್ ಕಡ್ಡಿ ತಗೊಂಡು ಒಂದೊಂದೇ ಚುಚ್ಚಿ ಬಿಡಿಸಿದ್ರು, ಹಿಂದಿನ ಬಾಗಿಲಿಂದ ಅರ್ಧ ಚೊಂಬು ಕಂದು ನೀರು ನನ್ನ ಕಣ್ಣ ಮುಂದೇನೇ ಸುರೀತು. ಕೊಡಗಿನಲ್ಲಿ ಗಾಡಿ ಇಟ್ಕೊಂಡಿರೋ ಪ್ರತಿಯೊಬ್ರೂ ಮಳೆಗಾಲಕ್ಕೆ ಮುಂಚೆ ಒಂದ್ಸಲ ಈ ತೂತುಗಳನ್ನ ನೋಡ್ಕೊಳ್ಳಿ ದಯವಿಟ್ಟು, ಖರ್ಚಿಲ್ಲದ ಕೆಲ್ಸ.

ಆಮೇಲೆ ಡಿಫರೆನ್ಶಿಯಲ್, ಅಂದ್ರೆ ಆಕ್ಸಲ್ ನಡುವಿನ ಗೇರ್ ಗುಂಡಿನ ಪ್ಲಗ್ ಬಿಚ್ಚಿದ್ರು, ಗೇರ್ ಆಯಿಲ್ ಹಾಲು ಹಾಕಿದ ಕಾಫಿ ಥರ ಬಂತು. "ಟೀಚರೇ, ಇದು ನೀರು ಕುಡಿದಿದೆ" ಅಂದ್ರು. ಸೀಲ್ ಹೋಗಿದ್ಯಾ ಅಂತ ಕೇಳಿದ್ರೆ ಇಲ್ಲ, ಬ್ರೀದರ್ ನೋಡಿ ಅಂತ ಆಕ್ಸಲ್ ಉಸಿರಾಡೋ ಸಣ್ಣ ಬಾಯಿ ತೋರಿಸಿದ್ರು. ಗಾಡಿ ಓಡಿ ಓಡಿ ಆಕ್ಸಲ್ ಬಿಸಿಯಾಗಿರುತ್ತೆ, ಹಾಗೇ ಹೊಳೆಗೆ ಇಳಿಸಿದ್ರೆ ತಣ್ಣೀರು ತಾಗಿ ಒಳಗಿನ ಗಾಳಿ ಕುಗ್ಗುತ್ತೆ, ಆಗ ಅದು ಹೊರಗಿಂದ ಎಳ್ಕೊಳ್ಳುತ್ತೆ, ಬ್ರೀದರ್ ಬಾಯಿ ನೀರೊಳಗಿದ್ರೆ ಗಾಳಿ ಬದಲು ನೀರೇ ಒಳಗೆ ಹೋಗುತ್ತೆ. ಉಪಾಯ ಅಂದ್ರೆ ಅಲ್ಲಿಂದ ಒಂದು ರಬ್ಬರ್ ಪೈಪ್ ಎಳೆದು ಎತ್ತರಕ್ಕೆ ತರೋದು, ಅಷ್ಟೇ. ನಮ್ಮದನ್ನ ಟೇಲ್ ಲ್ಯಾಂಪ್ ಎತ್ತರಕ್ಕೆ ತಂದು ತುದಿಗೆ ಸಣ್ಣ ಫಿಲ್ಟರ್ ಸಿಕ್ಕಿಸಿದ್ದಾರೆ. ಪೈಪಿಗೆ ಕೊಟ್ಟ ದುಡ್ಡು ಒಂದು ಊಟಕ್ಕೂ ಆಗಲ್ಲ, ಅದು ಉಳಿಸೋದು ಇಡೀ ಆಕ್ಸಲ್ ಕೆಲ್ಸವನ್ನ. ಫೋರ್ ಬೈ ಫೋರ್ ನಾಬ್ ತಿರುಗಿಸಿದ್ರೂ ಫೋರ್ ಲೋ, ಅಂದ್ರೆ ನಾಲ್ಕೂ ಚಕ್ರ ನಿಧಾನಕ್ಕೆ ಬಲವಾಗಿ ಎಳೆಯೋ ಗೇರ್, ಬೀಳ್ತಾ ಇರ್ಲಿಲ್ಲ, ಬೇರೆ ಒಂದು ಕಡೆ ಅದನ್ನ ಬೀಳಿಸೋ ಮೋಟರೇ ಬದಲಾಯಿಸ್ಬೇಕು ಅಂತ ದೊಡ್ಡ ಎಸ್ಟಿಮೇಟ್ ಕೊಟ್ಟಿದ್ರು. ಕಾಕ ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳು ಹಸಿರು ಹಿಡಿದಿದ್ವು, ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ಗ್ರೀಸ್ ಹಾಕಿ ಕೂರಿಸಿದ್ರು, ಲೊಟಕ್ ಅಂತ ಬಿತ್ತು. ಅದಕ್ಕೆ ದುಡ್ಡೇ ತಗೊಳ್ಲಿಲ್ಲ. ಕಾಕ, ನಿಮ್ಮ ಆರೋಗ್ಯ ನೂರ್ಕಾಲ ಚೆನ್ನಾಗಿರ್ಲಿ.

ಮೂರ್ನಾಡಿನ ವೆಲ್ಡಿಂಗ್ ಅಣ್ಣ ಬಂದಿದ್ದು ಕಕ್ಕಡ ತಿಂಗಳ ಜೋರು ಮಳೆಯಲ್ಲಿ. ಗಾಡಿ ನಿಲ್ಲಿಸೋಕೆ ಜಾಗ ಕೊಟ್ಟಿದ್ದು ಅಮ್ಮತ್ತಿ ಹತ್ರದ ನಮ್ಮ ಅತ್ತೆ, ಅಂದ್ರೆ ಅಪ್ಪನ ತಂಗಿ. ಕಾಫಿ ಕೊಯ್ಲು ಶುರುವಾಗೋವರೆಗೂ ಗೋಡೌನ್ ಖಾಲಿನೇ ಅಲ್ವಾ, ತಂದು ನಿಲ್ಲಿಸು ಅಂದ್ರು. ಮಳೆಗೆ ಮರ ಬಿದ್ದು ಕರೆಂಟ್ ಇಲ್ಲ ಅಂದ್ರೆ ಕಾಫಿ ಹಣ್ಣು ಸುಲಿಯೋ ಪಲ್ಪರ್ ಓಡಿಸೋ ಜನರೇಟರ್ ಎಳೆಸಿ ಕೊಟ್ರು. ಅಣ್ಣ ಮಾಡಿದ ಕೆಲ್ಸ ನೋಡೋಕೇ ಒಂದು ಚಂದ. ಮೊದಲು ಬ್ಯಾಟರಿ ಕಳಚಿ, ಇಂಜಿನ್ ಕಂಪ್ಯೂಟರ್ ಇಸಿಯುದ ಕನೆಕ್ಟರ್ ಬಿಚ್ಚಿಟ್ರು, ಇಲ್ಲಾಂದ್ರೆ ವೆಲ್ಡಿಂಗ್ ಕರೆಂಟಿಗೆ ಅದು ಸುಟ್ಟು ಹೋಗುತ್ತಂತೆ. ತುಕ್ಕಿನ ಮೇಲೆ ತಗಡು ಅಂಟಿಸಿ ಬಣ್ಣ ಹೊಡೆಯೋ ಆಸಾಮಿ ಅಲ್ಲ ಅವ್ರು, ಒಳ್ಳೇ ಕಬ್ಬಿಣ ಹೊಳೆಯೋವರೆಗೂ ಕತ್ತರಿಸಿ ತೆಗೆದು, ಅದೇ ದಪ್ಪದ ತಗಡು ಅಳತೆಗೆ ಮಡಚಿ, ಒಂದೇ ಸಮ ಎಳೀದೆ ಸ್ವಲ್ಪ ಸ್ವಲ್ಪವೇ ಬೆಸೆದು ಆರೋಕೆ ಬಿಟ್ಟು ಮತ್ತೆ ಬೆಸೆದ್ರು, ಶಾಖಕ್ಕೆ ಸೊಟ್ಟ ಆಗ್ಬಾರ್ದು ಅಂತ. ಆ ಥಂಡಿಯಲ್ಲಿ ಪ್ರೈಮರ್ ಒಣಗ್ತಾನೇ ಇರ್ಲಿಲ್ಲ, ಹ್ಯಾಲೋಜನ್ ಲೈಟ್ ಹಾಕಿ ಕಾದು ಕೂತ್ರು. ಕೊನೆಗೆ ಚಾಸಿ ಪೆಟ್ಟಿಗೆ ಒಳಗೂ ಮೇಣ ಸ್ಪ್ರೇ ಮಾಡಿ ಕೊಟ್ರು, ಅದನ್ನ ನಾನು ಕೇಳೇ ಇರ್ಲಿಲ್ಲ. ಕೆಲ್ಸ ಮುಗಿಯೋ ತನಕ ಅತ್ತೆ ಅವರಿಗೂ ಹುಡುಗನಿಗೂ ಬಿಸಿ ಬಿಸಿ ಅಕ್ಕಿ ರೊಟ್ಟಿ ಹಾಕಿದ್ದಾರೆ. ಅತ್ತೆ, ನಿಮ್ಮ ಗೋಡೌನ್ ಇಲ್ದಿದ್ರೆ ಆ ಮಳೆಗಾಲ ಈ ಗಾಡಿ ಇನ್ನಷ್ಟು ಕೊಳೀತಿತ್ತು.

ವೈರಿಂಗ್ ಕುಶಾಲನಗರದ ಹುಡುಗನದ್ದು. ಎರಡನೇ ಬ್ಯಾಟರಿ, ಅದಕ್ಕೆ ಬೇರೆ ಚಾರ್ಜರ್, ಎರಡೂ ಬ್ಯಾಟರಿ ಹತ್ರಾನೇ ಫ್ಯೂಸ್, ಅಚ್ಚುಕಟ್ಟು. ರಾತ್ರಿಯಿಡೀ ಲೈಟ್ ಉರಿಸಿದ್ರೂ ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ. ಟೈರಿಗೆ ಗಾಳಿ ತುಂಬೋ ಕಂಪ್ರೆಸರ್‌ನ ಲೈಟರ್ ಸಾಕೆಟ್ಟಿಗೆ ಹಾಕ್ಬೇಡಿ ಅಕ್ಕ ಫ್ಯೂಸ್ ಹೋಗುತ್ತೆ ಅಂತ ಬ್ಯಾಟರಿಗೇ ನೇರ ಲೈನ್ ಮಾಡಿ ಕೊಟ್ಟಿದ್ದಾನೆ. ಥ್ಯಾಂಕ್ಯೂ ತಮ್ಮಾ.

ಮಲಗೋ ಹಲಗೆ ಮಾಡಿದ್ದು ಪಾಲಿಬೆಟ್ಟದ ಆಚಾರ್ರು. ಬಾಡಿ ಎಲ್ಲೂ ಕತ್ತರಿಸ್ಬಾರ್ದು, ಸೀಟ್ ಕಿತ್ತು ಹಾಕ್ಬಾರ್ದು ಅನ್ನೋದು ನನ್ನ ಹಠ ಆಗಿತ್ತು, ಯಾಕಂದ್ರೆ ಗಾಡಿಯ ಮೂಲ ರಚನೆ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಆಚಾರ್ರು ಸೀಟ್ ಮಡಚಿದ ಮೇಲೆ ಕೂರೋ ಹಾಗೆ, ಸ್ಕ್ರೂ ಬಿಚ್ಚಿದ್ರೆ ಇಬ್ರು ಎತ್ತಿ ಹೊರಗಿಡೋ ಹಾಗೆ ಮಾಡಿದ್ರು. ಪಕ್ಕದ ಡ್ರಾಯರ್ ನಮ್ಮ ತೋಟದ್ದೇ ಸಿಲ್ವರ್ ಓಕ್ ಹಲಗೆಯಲ್ಲಿ, ಹಗುರ. ನಮ್ಮತ್ತೆಯವ್ರಿಗೆ, ಅಂದ್ರೆ ಯಜಮಾನ್ರ ಅಮ್ಮನಿಗೆ, ಮಂಡಿ ನೋವು, ಹತ್ತೋಕೆ ಆಗಲ್ಲ ಅಂತ ಮಾತಿನ ನಡುವೆ ಹೇಳಿದ್ದೆ ಅಷ್ಟೇ, ಡೆಲಿವರಿ ದಿನ ಅದೇ ಮರದಲ್ಲಿ ಒಂದು ಮೆಟ್ಟಿಲು ಮಾಡಿ ತಂದಿದ್ರು, ಹಿಡ್ಕೊಳ್ಳೋಕೆ ಹಗ್ಗದ ಕೈ ಸಮೇತ. ಅತ್ತೆಯವ್ರು ಈಗ ಎಲ್ರಿಗಿಂತ ಮೊದಲು ಹತ್ತಿ ಕೂರ್ತಾರೆ. ಹಿಂದಿನ ಬಾಗಿಲುಗಳಿಗೆ ಸೊಳ್ಳೆ ಪರದೆ ಹೊಲಿದು ಅಂಚಿಗೆ ಮ್ಯಾಗ್ನೆಟ್ ಸೇರಿಸಿ ಕೊಟ್ಟ ಟೈಲರ್ ಅಕ್ಕ, ನಿಮಗೂ. ಗಾಡಿಯೊಳಗೆ ಮಲಗೋರು ಗ್ಲಾಸ್ ಪೂರ್ತಿ ಏರಿಸಿ ಮಲಗ್ಲೇಬಾರ್ದು, ಒಳಗೆ ಸ್ಟವ್ ಹಚ್ಚಬಾರ್ದು, ಇಂಜಿನ್ ಚಾಲೂ ಇಡಬಾರ್ದು, ಉಸಿರು ಕಟ್ಟಿ ಪ್ರಾಣ ಹೋಗುತ್ತೆ. ಈ ಪರದೆ ಇರೋದ್ರಿಂದ ಗ್ಲಾಸ್ ಇಳಿಸಿಯೇ ನಿದ್ದೆ ಮಾಡ್ತೀವಿ.

ರೂಫ್ ಮೇಲೆ ಟೆಂಟ್ ಬೇಡ, ಘಾಟ್ ತಿರುವಲ್ಲಿ ಮೇಲೆ ಭಾರ ಇದ್ರೆ ಗಾಡಿ ವಾಲುತ್ತೆ ಅಂತ ತಡೆದಿದ್ದು ಜಿಪ್ಸಿ ಗಾಡಿ ಓಡಿಸೋ ನಮ್ಮ ಬಾಳೆಲೆ ಗೆಳೆಯರು. ಕಾಫಿ ಕಣಕ್ಕೆ ಹಾಸೋ ಟಾರ್ಪಾಲ್ ಒಂದು ಸಾಕು ಅಂತ ಅದನ್ನೇ ಪಕ್ಕಕ್ಕೆ ಎಳೆದು ಕಟ್ಟೋದು ಕಲಿಸಿದ್ರು. ಕೆಸರಲ್ಲಿ ಟೈರ್ ಗಾಳಿ 20 ಪಿಎಸ್ಐ ಹತ್ರ ಇಳಿಸಿದ್ರೆ ಟೈರ್ ಅಗಲವಾಗಿ ಕೂತು ಹಿಡಿಯುತ್ತೆ, ಟಾರ್ ರೋಡ್ ಸಿಕ್ಕಿದ ತಕ್ಷಣ ಮತ್ತೆ ತುಂಬಿಸ್ಬೇಕು. ಹೊಳೆ ಆದ್ರೆ ಮೊದಲು ಒಬ್ರು ಇಳಿದು ನಡೆದು ನೋಡ್ಬೇಕು, ಆಮೇಲೆ ಫೋರ್ ಲೋ, ಒಂದೇ ವೇಗ, ಮಧ್ಯೆ ಕ್ಲಚ್ ಮುಟ್ಟಬಾರ್ದು. ಹೂತು ಹೋದ ಗಾಡಿ ಎಳೆಯೋವಾಗ ಚಾಸಿಯ ಹುಕ್ಕಿಗೇ ಶಾಕಲ್, ಅಂದ್ರೆ ಕಬ್ಬಿಣದ ಕೊಂಡಿ ಹಾಕ್ಬೇಕು, ಟ್ರೇಲರ್ ಸಿಕ್ಕಿಸೋ ಟೋ ಬಾಲ್‌ಗೆ ಹಗ್ಗ ಕಟ್ಟಲೇಬಾರ್ದು, ಅದು ಕಿತ್ತು ಬಂದ್ರೆ ಯಾರ ತಲೆಗೆ ಬೀಳುತ್ತೋ ಹೇಳಕ್ಕಾಗಲ್ಲ. ಹಗ್ಗದ ಮೇಲೆ ಒದ್ದೆ ಗೋಣಿ ಹೊದಿಸಿ, ಸುತ್ತ ನಿಂತವ್ರನ್ನ ದೂರ ಕಳಿಸಿ, ಆಮೇಲೇ ಎಳೆಯೋದು. ಇದನ್ನೆಲ್ಲಾ ತಮ್ಮ ಗದ್ದೆಯಲ್ಲಿ ನನ್ನ ಗಾಡಿ ಬೇಕಂತಲೇ ಹೂತು ಹಾಕಿಸಿ, ನನ್ನ ಕೈಯಲ್ಲೇ ಮಾಡಿಸಿ ಕಲಿಸಿದ್ದಾರೆ. ಹೆಂಗಸು ಅಂತ ಯಾರೂ ಸ್ಟೀರಿಂಗ್ ಕಿತ್ಕೊಳ್ಲಿಲ್ಲ, ಅದಕ್ಕೇ ದೊಡ್ಡ ಥ್ಯಾಂಕ್ಸ್.

ಚೆಕ್‌ಪೋಸ್ಟಿನ ಗಾರ್ಡ್ ಸಾರ್ ಒಬ್ರನ್ನ ನೆನೀಲೇಬೇಕು. ಗಾಡಿ ನೋಡಿ ಎಲ್ಲಿ ಕ್ಯಾಂಪು ಅಂತ ಕೇಳಿದ್ರು, ತೋಟದಲ್ಲಿ ಅಂದೆ, ಸಮಾಧಾನ ಆಯ್ತು ಅಂದ್ರು. ಫೋರ್ ಬೈ ಫೋರ್ ಇದೆ ಅಂತ ರಿಸರ್ವ್ ಫಾರೆಸ್ಟ್ ಒಳಗೆ ನುಗ್ಗಿ ಟೆಂಟ್ ಹಾಕೋರು ಹೆಚ್ಚಾಗಿದ್ದಾರಂತೆ, ಅನುಮತಿ ಇಲ್ದೆ ಹೋದ್ರೆ ಕೇಸು, ಅದು ಸರಿಯಾದ್ದೇ. ಕಾಡಿನ ರಸ್ತೆ ಅಂದ್ರೆ ಕಾಡಿನ ನಡುವೆ ಹೋಗೋ ರಸ್ತೆ ಅಷ್ಟೇ, ಅದು ಬಿಟ್ಟು ಒಂದು ಗಾಲಿಯೂ ಇಳೀಬಾರ್ದು. ನಾಗರಹೊಳೆ ಒಳಗಿನ ರಸ್ತೆಗೆ ಸಂಜೆ ಆರಕ್ಕೆ ಗೇಟ್ ಬೀಳುತ್ತೆ, ಅದಕ್ಕೆ ಮುಂಚೆ ದಾಟೋ ಹಾಗೆ ಹೊರಡಿ ಅಂದ್ರು. ಆನೆ ಎದುರಾದ್ರೆ ಹಾರ್ನ್ ಹೊಡೀಬೇಡಿ, ಹೈ ಬೀಮ್ ಹಾಕ್ಬೇಡಿ, ದೂರದಲ್ಲೇ ನಿಲ್ಲಿಸಿ ಅದಕ್ಕೆ ದಾರಿ ಬಿಡಿ, ಮುಂದೆ ಬಂದ್ರೆ ಮೆಲ್ಲಗೆ ರಿವರ್ಸ್. ನನ್ನ ಮಗಳು ಇದನ್ನ ಸ್ಕೂಲಿನ ಪ್ರಾಜೆಕ್ಟಿಗೆ ಬರ್ಕೊಂಡಿದ್ದಾಳೆ ಸಾರ್.

ಆರ್‌ಟಿಓ ಇನ್‌ಸ್ಪೆಕ್ಟರ್ ಸಾಹೇಬ್ರಿಗೂ ನಮಸ್ಕಾರ. ಹದಿನೈದು ವರ್ಷ ಆದ ಡೀಸೆಲ್ ಗಾಡಿ ಅಂತ ತಳ್ಳಿ ಹಾಕ್ಲಿಲ್ಲ. ಬ್ರೇಕು, ಲೈಟು, ಹೊಗೆ ಸರ್ಟಿಫಿಕೇಟು ಎಲ್ಲ ನೋಡಿದ್ರು. ಚಾಸಿ ನಂಬರ್ ಮೇಲೆ ಬಣ್ಣ ಕೂತಿತ್ತು, ತಾವೇ ಬಗ್ಗಿ ಬಟ್ಟೆಯಲ್ಲಿ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಒಂದೊಂದೇ ಅಕ್ಷರ ಮೂಡಿಸಿ ಓದಿದ್ರು. ಬಂಪರ್ ಮುಂದಿನ ಕಬ್ಬಿಣದ ಬುಲ್ ಗಾರ್ಡ್ ತೆಗೆದು ಬನ್ನಿ, 2017ರಲ್ಲೇ ಅದು ಬೇಡ ಅಂತ ಕೇಂದ್ರದಿಂದ ಆದೇಶ ಬಂದಿದೆ, ನಡೆದು ಹೋಗೋರಿಗೆ ತಾಗಿದ್ರೆ ಏಟು ಜಾಸ್ತಿ ಅಂತ ತಾಳ್ಮೆಯಿಂದ ಹೇಳಿದ್ರು. ಅದು ಈಗ ಅಮ್ಮತ್ತಿ ಅತ್ತೆ ಮನೆಯಲ್ಲಿ ಮೆಣಸಿನ ಬಳ್ಳಿಗೆ ಆಸರೆ ಆಗಿದೆ.

ನಮ್ಮ ಯಜಮಾನ್ರಿಗೆ ಇಲ್ಲಿ ಬರೆಯೋದು ಬೇಡ, ಮನೆಯಲ್ಲೇ ಹೇಳಿದ್ದೀನಿ.

ಅಮ್ಮತ್ತಿ, ವಿರಾಜಪೇಟೆ, ಸಿದ್ದಾಪುರ ಸುತ್ತಮುತ್ತ ಯಾರ ಗಾಡಿಯಾದ್ರೂ ಮಳೆಗಾಲದಲ್ಲಿ ಹೂತು ಹೋದ್ರೆ ಫೋನ್ ಮಾಡಿ, ನಂಬರ್ ಸ್ಕೂಲಲ್ಲಿ ಕೇಳಿದ್ರೆ ಕೊಡ್ತಾರೆ. ಹಗ್ಗ, ಎರಡು ಶಾಕಲ್, ಕಂಪ್ರೆಸರ್, ಹೈಲಿಫ್ಟ್ ಜಾಕ್ ಯಾವಾಗ್ಲೂ ಗಾಡಿಯಲ್ಲೇ ಇರುತ್ತೆ, ರಾತ್ರಿಯಾದ್ರೂ ಬರ್ತೀನಿ. ಕಾಕ, ಮುಂದಿನ ತಿಂಗಳು ಗೇರ್ ಆಯಿಲ್ ತೆಗೆದು ನೋಡೋಣ ಅಂದಿದ್ರಲ್ಲ, ಭಾನುವಾರ ಬೆಳಿಗ್ಗೆ ತರ್ತೀನಿ, ಅಂಗಡಿ ತೆಗೆದಿರಿ.